ಸ್ಪಷ್ಟನೆ: ಕೈಯಿಂದ ತಿರುಗಿಸುವ ಜನರೇಟರ್ ಇಡೀ ಮನೆಗೆ ಕರೆಂಟ್ ಕೊಡಲಾರದು

ಹಳೆಯ ಮೋಟಾರಿಗೆ ಹಿಡಿಕೆ ಜೋಡಿಸಿ ತಿರುಗಿಸಿದರೆ ಫ್ಯಾನು, ಫ್ರಿಜ್ ಎಲ್ಲ ನಡೆಯುತ್ತವೆ ಎನ್ನುವ ವಿಡಿಯೊಗಳು ಹರಿದಾಡುತ್ತಿವೆ. ಇದು ಸುಳ್ಳು.

ಆರೋಗ್ಯವಂತ ವ್ಯಕ್ತಿಯ ತೋಳು ಅರ್ಧ ಗಂಟೆ ಸತತವಾಗಿ ಕೊಡಬಲ್ಲದ್ದು ಸುಮಾರು 30ರಿಂದ 50 ವ್ಯಾಟ್. ಗೇರಿನ ಘರ್ಷಣೆ, ಸುರುಳಿಯ ಬಿಸಿ ಕಳೆದರೆ ಕೈಗೆ ಸಿಗುವುದು 20 ವ್ಯಾಟ್ ಇದ್ದೀತು. ಆ ಲೆಕ್ಕದಲ್ಲಿ ಒಂದು ಯೂನಿಟ್‌ಗೆ (1000 ವ್ಯಾಟ್-ಗಂಟೆ) 50 ಗಂಟೆ ತಿರುಗಿಸಬೇಕು.

ಸೀಲಿಂಗ್ ಫ್ಯಾನಿನ ಸಾಮಾನ್ಯ ಇಂಡಕ್ಷನ್ ಮೋಟಾರಿನ ರೋಟರ್‌ನಲ್ಲಿ (ತಿರುಗುವ ಭಾಗದಲ್ಲಿ) ಆಯಸ್ಕಾಂತವೇ ಇಲ್ಲ. ಸುಮ್ಮನೆ ತಿರುಗಿಸಿದರೆ ಅದು ಬಲ್ಬು ಹೊತ್ತಿಸದು. ವಿಡಿಯೊದಲ್ಲಿ ಉರಿಯುವ ಬಲ್ಬು ಹಲವು ಸಲ ಒಳಗೇ ಬ್ಯಾಟರಿ ಇರುವ ಎಮರ್ಜೆನ್ಸಿ ಎಲ್‌ಇಡಿ. ಪರೀಕ್ಷೆ ಸುಲಭ: ಬಲ್ಬು ಜೋಡಿಸಿದ ಕೂಡಲೇ ಹಿಡಿಕೆ ಬಿಗಿಯಾಗಬೇಕು. ಹಗುರಾಗಿಯೇ ತಿರುಗುತ್ತಿದ್ದರೆ ಆ ಬೆಳಕು ಬೇರೆಲ್ಲಿಂದಲೋ ಬರುತ್ತಿದೆ.

ಹಾಗೆಂದು ಈ ಸಾಧನ ನಿಷ್ಪ್ರಯೋಜಕವಲ್ಲ. ಶಾಶ್ವತ ಆಯಸ್ಕಾಂತದ 12 ವೋಲ್ಟ್, 3000 ಆರ್‌ಪಿಎಂ (ನಿಮಿಷಕ್ಕೆ 3000 ಸುತ್ತು) ಡಿಸಿ ಮೋಟಾರ್ ತೆಗೆದುಕೊಳ್ಳಿ. ಕೈ ತಿರುಗುವುದು ನಿಮಿಷಕ್ಕೆ 60 ಸುತ್ತು. ಹಾಗಾಗಿ 1:50ರ ಆಸುಪಾಸಿನ ಗೇರ್ ಬೇಕು. ಮೋಟಾರಿನ ನಂತರ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಹಾಕಿ, ಇಲ್ಲದಿದ್ದರೆ ಬ್ಯಾಟರಿ ಜೋಡಿಸಿದಾಗ ಅದೇ ಮೋಟಾರನ್ನು ತಿರುಗಿಸಿ ಖಾಲಿಯಾಗುತ್ತದೆ. ಬಳಿಕ ವೋಲ್ಟೇಜಿನ ಏರಿಳಿತ ತಗ್ಗಿಸುವ ಕೆಪಾಸಿಟರ್, ವೋಲ್ಟೇಜನ್ನು 5 ವೋಲ್ಟಿಗೆ ಇಳಿಸಿ ಸ್ಥಿರವಾಗಿಡುವ ಬಕ್ ರೆಗ್ಯುಲೇಟರ್ ಹಾಕಿ. ರೆಗ್ಯುಲೇಟರ್ ಬಿಟ್ಟು ನೇರವಾಗಿ ಫೋನಿಗೆ ಕೊಡಲೇಬೇಡಿ: ಜೋರಾಗಿ ತಿರುಗಿಸಿದಾಗ ವೋಲ್ಟೇಜ್ ಏರಿ ಫೋನ್ ಸುಟ್ಟುಹೋಗಬಹುದು. ಫೋನಿನ 5000 ಎಂಎಎಚ್ ಬ್ಯಾಟರಿಯಲ್ಲಿ ಸುಮಾರು 19 ವ್ಯಾಟ್-ಗಂಟೆ ಇರುತ್ತದೆ. 10 ವ್ಯಾಟ್ ಸಿಕ್ಕರೂ ಪೂರ್ತಿ ತುಂಬಲು ಎರಡು ಗಂಟೆಗೂ ಹೆಚ್ಚು ತಿರುಗಿಸಬೇಕು. ತುರ್ತು ಕರೆ, ರೇಡಿಯೊ, ಸಣ್ಣ ಎಲ್‌ಇಡಿ ದೀಪಕ್ಕೆ ಇಷ್ಟು ಸಾಕು.