ಮೇಷ್ಟ್ರು ಸ್ಕ್ರೀನ್‌ಶಾಟ್ ಎಲ್ಲಿಂದ ತರಬೇಕು?

ಹೋದ ಭಾನುವಾರ ದಾವಣಗೆರೆ ವಿದ್ಯಾನಗರದಲ್ಲಿ ನಮ್ಮ ಸಂಗೀತ ಮೇಷ್ಟ್ರ ಮನೇಲಿ ಮಂಡಕ್ಕಿ-ಮೆಣಸಿನಕಾಯಿ ತಿನ್ನುತ್ತಾ ಕೂತಿದ್ದೆ. ಮೇಷ್ಟ್ರಿಗೆ ಹುಟ್ಟಿನಿಂದ ಕಣ್ಣು ಕಾಣಲ್ಲ. ಅವರ ಲ್ಯಾಪ್‌ಟಾಪಲ್ಲಿ ಎನ್‌ವಿಡಿಎ ಅಂತ, ಪರದೆ ಮೇಲಿರೋದನ್ನ ಓದಿ ಹೇಳೋ ತಂತ್ರಾಂಶ ಇದೆ. ಅದು ಓದೋ ವೇಗಕ್ಕೆ ನನಗೆ ಕಾದೆಣ್ಣೆಗೆ ಮೆಣಸಿನಕಾಯಿ ಬಿಟ್ಟಂಗೆ ಚರ್ ಅಂತ ಕೇಳುತ್ತೆ, ಅಷ್ಟೇ. ಅವರಿಗೆ ಒಂದಕ್ಷರ ತಪ್ಪಲ್ಲ.

ಹಾಡು ರೆಕಾರ್ಡ್ ಮಾಡಿ ಕತ್ತರಿಸೋಕೆ ಅವರು ಬಳಸೋದು ಒಂದು ಓಪನ್ ಸೋರ್ಸ್ ತಂತ್ರಾಂಶ, ಅಂದ್ರೆ ಅದರ ಕೋಡ್ ಯಾರು ಬೇಕಾದ್ರೂ ನೋಡಿ ತಿದ್ದಬಹುದು. ಹೊಸ ಆವೃತ್ತಿ ಹಾಕಿದ ಮೇಲೆ ಟ್ಯಾಬ್ ಕೀ ಒತ್ತಿದಂಗೆಲ್ಲ ಎನ್‌ವಿಡಿಎ ಹೇಳೋದು ಬರೀ "ಬಟನ್... ಬಟನ್... ಬಟನ್". ಉಳಿಸೋದ್ಯಾವುದು, ಅಳಿಸೋದ್ಯಾವುದು? ಅಂದಾಜಲ್ಲಿ ಒತ್ತಿ ಶಿಷ್ಯೆ ಹಾಡಿದ ಇಡೀ ಭೂಪಾಳಿ ಕಳಕೊಂಡರು. ಬಟನ್‌ಗೆ ಚಿತ್ರ ಇಟ್ಟವರು ಹೆಸರು ಬರೆಯೋದು ಮರೆತಿದ್ದಾರೆ. ಇರಲಿ, ಬಿಡುವಿನ ವೇಳೇಲಿ ಪುಕ್ಕಟೆ ದುಡಿಯೋರು, ಮರೀತಾರೆ.

ನನ್ನ ಸಿಟ್ಟು ಅದಕ್ಕಲ್ಲ. ಮರೆತಿದ್ದೀರಿ ಅಂತ ಹೇಳೋಕೆ ಹೋದ್ರೆ ಖಾತೆ ತೆರೀಬೇಕು, ಖಾತೆಗೆ ಕ್ಯಾಪ್ಚಾ, ಅಂದ್ರೆ ನೀವು ಯಂತ್ರ ಅಲ್ಲ ಮನುಷ್ಯರೇ ಅಂತ ಚಿತ್ರ ನೋಡಿ ತೋರಿಸೋ ಪರೀಕ್ಷೆ. ಧ್ವನಿ ಆಯ್ಕೆ ಇತ್ತು. ಗೊರಗೊರ ಸದ್ದಿನೊಳಗೆ ಇಂಗ್ಲಿಷ್ ಪದ, ಅದರ ಮೇಲೆ ಎನ್‌ವಿಡಿಎಯ ಮಾತು ಬೇರೆ. ಆಮೇಲೆ ಫಾರಂ: ಸ್ಕ್ರೀನ್‌ಶಾಟ್ ಕಡ್ಡಾಯ! ಹೇಗೋ ನನ್ನ ಕೈಲಿ ಇಂಗ್ಲಿಷಲ್ಲಿ ಬರೆಸಿದರು. ಎರಡು ದಿನಕ್ಕೆ ತಂತ್ರಾಂಶದೋರು "ಮಾಹಿತಿ ಸಾಲದು" ಅಂತ ದೂರು ಮುಚ್ಚಿದರು. ಇನ್ನೊಬ್ಬ ಪುಣ್ಯಾತ್ಮ, ಕೋಡ್ ಎಲ್ಲರಿಗೂ ತೆರೆದಿದೆ, ನೀವೇ ತಿದ್ದಿ ಕಳಿಸಿ ಅಂದ. ಅಡುಗೆಗೆ ಉಪ್ಪು ಕಮ್ಮಿ ಅಂದೋರಿಗೆ ಸೌಟು ಕೊಡ್ತಾರೇನ್ರೀ?

ಓಪನ್ ಸೋರ್ಸೇ ಬೇಡ ಅಂತ ನಾನು ಹೇಳ್ತಿಲ್ಲ. ಎನ್‌ವಿಡಿಎ ಕೂಡ ಓಪನ್ ಸೋರ್ಸೇ. 2006ರಲ್ಲಿ ಅದನ್ನ ಶುರುಮಾಡಿದ ಆಸ್ಟ್ರೇಲಿಯಾದ ಮೈಕೆಲ್ ಕರನ್‌ಗೆ ಕಣ್ಣು ಕಾಣಲ್ಲ, ಜೊತೆಗೂಡಿದ ಜೇಮ್ಸ್ ಟೇಗೂ ಕಾಣಲ್ಲ. ಮೇಷ್ಟ್ರಿಗೆ ಕನ್ನಡ ಓದಿ ಹೇಳೋ ಈಸ್ಪೀಕ್ ಎನ್‌ಜಿ ಸಹ ಅದೇ ಜಾತಿ. ಅಂದಮೇಲೆ ದೂರು ಕೇಳೋ ಜಾಗದಲ್ಲೇ ಕಣ್ಣಿದ್ದೋರಿಗೆ ಮಾತ್ರ ಪ್ರವೇಶ ಅಂದ್ರೆ ಹೇಗೆ?

ಕೊನೆಗೆ ದಾರಿ ಮೇಷ್ಟ್ರೇ ಹುಡುಕಿದರು. ಎನ್‌ವಿಡಿಎಯ ಟೂಲ್ಸ್ ಮೆನುವಲ್ಲಿ ಸ್ಪೀಚ್ ವ್ಯೂವರ್ ಅಂತಿದೆ, ಅದು ಮಾತಾಡಿದ್ದೆಲ್ಲ ಅಲ್ಲಿ ಅಕ್ಷರದಲ್ಲಿ ಬೀಳುತ್ತೆ. "ತಮ್ಮಾ, ನನ್ನ ಸ್ಕ್ರೀನ್‌ಶಾಟ್ ಇದೇ ನೋಡು, ಹಾಕು" ಅಂದರು. ಏಳು ಸಾಲು, ಏಳರಲ್ಲೂ ಬರೀ ಬಟನ್. ಫೋಟೋ ಕೇಳಿದ ಜಾಗದಲ್ಲಿ ಅದನ್ನೇ ಅಂಟಿಸಿದೆ.

ದೂರು ಮತ್ತೆ ತೆರೆದಿದ್ದಾರೆ. ಇವತ್ತು ಸಂಜೆವರೆಗೂ ಯಾರೂ ಉತ್ತರ ಬರೆದಿಲ್ಲ. ಮೇಷ್ಟ್ರು ಹಳೇ ಆವೃತ್ತಿ ಹಾಕ್ಕೊಂಡು, ಆ ಹುಡುಗಿ ಹತ್ರ ಮತ್ತೆ ಭೂಪಾಳಿ ಹಾಡಿಸ್ತಿದ್ದಾರೆ.