ಹತ್ತು ನಿಮಿಷದ ಕೆಲಸ

ನಮ್ಮ ಬಚ್ಚಲುಮನೆಯ ಹಿಂದೆ ಒಂದು ಸಿಲ್ವರ್ ಓಕ್ ಮರವಿತ್ತು. 'ಇತ್ತು' ಅಂದ ಕೂಡಲೇ ಮುಂದಿನ ಕಥೆ ನಿಮಗೆ ಅರ್ಧ ಗೊತ್ತಾಗಿರುತ್ತದೆ. ಆದರೆ ಆ ಮರ 'ಇದೆ'ಯಿಂದ 'ಇತ್ತು' ಆಗುವುದಕ್ಕೆ ಎರಡು ದಿನ, ಏಳು ಜನ, ಎರಡು ಮೆಷಿನ್ ಮತ್ತು ಊರಿನಲ್ಲಿ ನನಗಿದ್ದ ಅಷ್ಟಿಷ್ಟು ಮರ್ಯಾದೆ ಖರ್ಚಾಯಿತು. ನಾನು ಮನೆಯಲ್ಲಿ ಹೇಳಿದ್ದು ಹತ್ತು ನಿಮಿಷದ ಕೆಲಸ ಅಂತ.

ಕೊಪ್ಪದ ಕಡೆಯವರಿಗೆ ಸಿಲ್ವರ್ ಓಕ್ ಏನೆಂದು ಹೇಳಬೇಕಾಗಿಲ್ಲ. ಆಸ್ಟ್ರೇಲಿಯಾದಿಂದ ಬಂದು ಕಾಫಿ ತೋಟದಲ್ಲಿ ನೆಂಟನ ಹಾಗೆ ಕೂತು, ಆಮೇಲೆ ಮನೆಯವನೇ ಆಗಿಹೋದ ಮರ. ಕಾಫಿಗೆ ನೆರಳು, ಮೆಣಸಿನ ಬಳ್ಳಿಗೆ ಆಸರೆ. ನಮ್ಮದು ಸುಮಾರು 60 ಅಡಿ ಎತ್ತರ, ಎದೆಮಟ್ಟದಲ್ಲಿ ಸುತ್ತಳತೆ 5 ಅಡಿ. ಅದಕ್ಕೆ ಹಬ್ಬಿಸಿದ್ದ ಮೆಣಸಿನ ಬಳ್ಳಿ ಸೊರಗು ರೋಗ ಬಂದು ಹೋಯಿತು. ಆಮೇಲೆ ಮರಕ್ಕೆ ಬೇರೆ ಕೆಲಸವಿಲ್ಲದೆ, ಗಾಳಿ ಬಂದಾಗಲೆಲ್ಲ ಬಚ್ಚಲಿನ ಹಂಚಿನ ಮೇಲೆ ಒಂದೊಂದು ಒಣಕೊಂಬೆ ಹಾಕಲು ಶುರು ಮಾಡಿತು. ಮೈಗೆಲ್ಲ ಸೋಪು ಹಚ್ಚಿಕೊಂಡು ಕೂತಾಗ ತಲೆಯ ಮೇಲೆ 'ಧಡ್' ಅಂದರೆ ಮನುಷ್ಯನಿಗೆ ಏನೇನು ಯೋಚನೆ ಬರುತ್ತದೆ ಎಂಬುದು ನಮ್ಮ ಮನೆಯವರಿಗೆ ಮಾತ್ರ ಗೊತ್ತು.

ಹೊನ್ನೆಯೋ ಬೀಟೆಯೋ ಆಗಿದ್ದರೆ ಅರ್ಜಿ ಹಿಡಿದು ಅರಣ್ಯ ಇಲಾಖೆಗೆ ಅಲೆಯಬೇಕಿತ್ತು. ನಮ್ಮ ರಾಜ್ಯದ 1976ರ ಮರ ಸಂರಕ್ಷಣೆಯ ಕಾನೂನಿನಲ್ಲಿ ಕಡಿಯಲು ಅನುಮತಿ ಬೇಡದ ಮರಗಳ ಪಟ್ಟಿ ಒಂದಿದೆ. ತೆಂಗು, ನೀಲಗಿರಿಗಳ ಜೊತೆ ಸಿಲ್ವರ್ ಓಕ್ ಕೂಡ ಅದರಲ್ಲಿದೆ. ಸರ್ಕಾರವೇ ಅಡ್ಡ ಬರದಿದ್ದ ಮೇಲೆ ಇನ್ಯಾರು ಬರ್ತಾರೆ ಅಂದುಕೊಂಡೆ. ಮರವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ನಮ್ಮೂರಲ್ಲಿ ಮರ ಕೊಯ್ಯುವುದಕ್ಕೆ ಗರಗಸದಣ್ಣ ಇದ್ದಾರೆ. ಇಬ್ಬರು ಎಳೆಯುವ ಉದ್ದ ಗರಗಸದ ಕಾಲದಿಂದ ಇದೇ ಕೆಲಸ ಮಾಡಿದವರು, ಅದಕ್ಕೇ ಆ ಹೆಸರು. ಅವರನ್ನು ಕರೆದಿದ್ದರೆ ಮುಗಿಯುತ್ತಿತ್ತು. ಆದರೆ ಬೆಂಗಳೂರು ಬಿಟ್ಟು ಊರಿಗೆ ಬಂದು, ಚಾವಡಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುವವನಿಗೆ ಒಂದು ಕಾಯಿಲೆ ಇರುತ್ತದೆ. ತಾನೂ ಕೈಕೆಲಸ ಬಲ್ಲವನು ಅಂತ ಊರಿಗೆ ತೋರಿಸಬೇಕು. ಅದರಲ್ಲೂ ಹೆಂಡತಿಗೆ. ಹೀಗಾಗಿ ಒಂದು ಶುಭದಿನ 52 ಸಿಸಿಯ, 18 ಇಂಚು ಬಾರ್‌ನ ಚೈನ್‌ಸಾ, ಅಂದರೆ ಮರ ಕೊಯ್ಯುವ ಮೆಷಿನ್, ಪೆಟ್ಟಿಗೆಯಲ್ಲಿ ಬಂದು ಇಳಿಯಿತು.

ಅಮ್ಮ ಬಂದು ಅದನ್ನು ಸುತ್ತಲೂ ನೋಡಿದರು. "ಇದರಲ್ಲಿ ಹಲಸಿನಕಾಯಿ ಹೆಚ್ಚಕ್ಕೆ ಬರ್ತದಾ?" ಅಂತ ಕೇಳಿದರು. ಬರುವುದಿಲ್ಲ ಅಂದೆ. "ಮತ್ತೆ ಎಂತಕ್ಕೆ ತಂದದ್ದು ಮಾರಾಯ" ಅಂತ ಒಳಗೆ ಹೋದರು.

ಪೆಟ್ಟಿಗೆಯಲ್ಲಿ ಬಾರ್ (ಹಲ್ಲಿನ ಚೈನ್ ಸುತ್ತುವ ಉದ್ದ ಪಟ್ಟಿ) ಬೇರೆ, ಚೈನ್ ಬೇರೆ, ಇಂಜಿನ್ ಬೇರೆ ಇತ್ತು. ಜೋಡಿಸಿದೆ. ಲೀಟರ್ ಪೆಟ್ರೋಲಿಗೆ 40 ಎಂಎಲ್ ಟೂ-ಟಿ ಆಯಿಲ್ ಬೆರೆಸಿದೆ. ಮಗಳಿಗೆ ಜ್ವರದ ಸಿರಪ್ ಕೊಡುವ ಅಳತೆಯ ಮುಚ್ಚಳದಲ್ಲಿ ಬೆರೆಸಿದ್ದು ಹೆಂಡತಿಗೆ ಆಮೇಲೆ ಗೊತ್ತಾಯಿತು. ಅದು ಬೇರೆ ವಿಷಯ, ಇಲ್ಲಿ ಬೇಡ. ಭಾನುವಾರ ಮಧ್ಯಾಹ್ನ ಪಂಚೆ ಎತ್ತಿ ಕಟ್ಟಿ ಹೊರಟೆ. "ರೀ, ಆ ಚೈನಿಗೆ ಪಂಚೆ ಸಿಕ್ಕಿದ್ರೆ ನೀವೂ ಅದರ ಜೊತೆ ಸುತ್ತಬೇಕಾಗ್ತದೆ" ಅಂದಳು. ಪ್ಯಾಂಟು, ಗಂಬೂಟು, ತಲೆಗೆ ಬೈಕಿನ ಹೆಲ್ಮೆಟ್ ಹಾಕಿಸಿದಳು. ಕನ್ನಡಿಯಲ್ಲಿ ನೋಡಿಕೊಂಡೆ. ಚಂದ್ರನ ಮೇಲೆ ಗೊಬ್ಬರ ಹಾಕಲು ಹೊರಟವನ ಹಾಗಿದ್ದೆ.

ಚೋಕ್ ಎಳೆದು ಹಗ್ಗ ಎಳೆದೆ. ಎಳೆದೆ, ಎಳೆದೆ, ಎಳೆಯುತ್ತಲೇ ಇದ್ದೆ. ಮೊದಲ ಸಲ ಇಂಜಿನ್ ಕೆಮ್ಮಿದ ಕೂಡಲೇ ಚೋಕ್ ಒಳಗೆ ತಳ್ಳಬೇಕಂತೆ. ನಾನು ತಳ್ಳಲಿಲ್ಲ. ಒಳಗೆಲ್ಲ ಪೆಟ್ರೋಲ್ ತುಂಬಿ ಪ್ಲಗ್ ಒದ್ದೆಯಾಯಿತು. ಬಿಚ್ಚಿ ಒರೆಸಿ ಹಾಕಿದ ಮೇಲೆ ಒಮ್ಮೆಲೇ 'ರ್‍ರ್‍ರೋಂ' ಅಂತು. ಕೊಟ್ಟಿಗೆಯಲ್ಲಿ ಗೌರಿ ಎದ್ದು ನಿಂತಳು. ಗುಡ್ಡದಾಚೆಯ ಮನೆಯಲ್ಲಿ ನಾಯಿ ಬೊಗಳಿತು. ಈ ಮೆಷಿನ್‌ನ ದೊಡ್ಡ ದೋಷ ಇದೇ ನೋಡಿ, ಯಾರಿಗೂ ಗೊತ್ತಾಗದ ಹಾಗೆ ಸುಮ್ನೆ ಎಡವಟ್ಟು ಮಾಡಿಕೊಳ್ಳಲು ಬಿಡುವುದಿಲ್ಲ. ಐದು ನಿಮಿಷದಲ್ಲಿ ಬೇಲಿಯ ಹತ್ತಿರ ಆರು ಜನ ಇದ್ದರು. ಒಬ್ಬರು ಕೂರಲು ಗೋಣಿಚೀಲ ತಂದಿದ್ದರು.

ಬಾರನ್ನು ಮರಕ್ಕೆ ಒತ್ತಿದೆ. ಶಬ್ದ ಬಂತು, ಹೊಗೆ ಬಂತು, ಮರದ ಪುಡಿ ಮಾತ್ರ ಬರಲಿಲ್ಲ. ಇನ್ನೂ ಒತ್ತಿದೆ. ತೊಗಟೆ ಕಪ್ಪಾಗಿ, ನುಣ್ಣಗಾಗಿ, ಹೊಳೆಯತೊಡಗಿತು. ಬೇಲಿಯ ಕಡೆಯಿಂದ ಒಂದು ದನಿ ಬಂತು: "ಮರಕ್ಕೆ ಇಸ್ತ್ರಿ ಹಾಕ್ತಾ ಇದ್ದೀರಾ ಮಾರಾಯ್ರೆ?"

ಚೈನ್ ಉಲ್ಟಾ ಹಾಕಿದ್ದೆ. ಬಾರ್‌ನ ಮೇಲ್ಗಡೆ ಇರುವ ಹಲ್ಲುಗಳ ಮೊನೆ ತುದಿಯ ಕಡೆ ನೋಡಬೇಕು. ನನ್ನವು ನನ್ನನ್ನೇ ನೋಡುತ್ತಿದ್ದವು. ಈ ಹಲ್ಲಿನ ವಿನ್ಯಾಸ ಬಂದದ್ದು ಒಂದು ಹುಳುವಿನಿಂದ. ಅಮೆರಿಕದ ಒರೆಗನ್‌ನಲ್ಲಿ ಜೋ ಕಾಕ್ಸ್ ಅಂತ ಒಬ್ಬ ಮರ ಕಡಿಯುವವನಿದ್ದ. 1946ರಲ್ಲಿ ಅವನು ಮರದ ತುಂಡೊಂದನ್ನು ಕೊರೆಯುತ್ತಿದ್ದ ದುಂಬಿಯ ಮರಿಹುಳುವನ್ನು ಕೂತು ನೋಡಿದ. ಅದು ದವಡೆಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತ ಮರವನ್ನು ಕೆರೆದು ತಿನ್ನುವುದು ಕಂಡು, ಚೈನಿಗೆ ಅದೇ ಥರ ಎಡಕ್ಕೊಂದು ಬಲಕ್ಕೊಂದು ಹಲ್ಲು ಮಾಡಿದ. ಇವತ್ತಿಗೂ ಚೈನ್‌ಗಳು ಅದೇ ಜಾಡಿನಲ್ಲಿವೆ. ಹುಳುವಿಗೆ ಹುಟ್ಟಿನಿಂದ ಗೊತ್ತಿರುವ ದಿಕ್ಕು ಬಿ.ಇ. ಓದಿದ ನನಗೆ ಗೊತ್ತಾಗಲಿಲ್ಲ.

ಚೈನ್ ತಿರುಗಿಸಿ ಹಾಕಿದೆ. ಈಗ ಕೊಯ್ದದ್ದು ನೋಡಿ ಹೆದರಿಕೆಯೇ ಆಯಿತು, ಬೆಣ್ಣೆಗೆ ಚಾಕು ಹಾಕಿದ ಹಾಗೆ. ಮರವನ್ನು ಕಾಫಿ ಕಣದ ಕಡೆ ಕೆಡವಬೇಕಿತ್ತು. ಕಣದ ಕಡೆ ಒಂದು ಸಣ್ಣ ಗೀರು ಕೊಟ್ಟೆ. ಅದನ್ನು ಕಡಿತ ಅನ್ನುವ ಹಾಗಿಲ್ಲ, ನಾಮ ಹಾಕಿದ ಹಾಗಿತ್ತು. ಆಮೇಲೆ ಬಚ್ಚಲಿನ ಕಡೆಯಿಂದ ಒಳಗೆ ಕೊಯ್ಯುತ್ತ ಹೋದೆ. ಅರ್ಧದ ಹತ್ತಿರ ಬಂದಾಗ ಮರ ಸಣ್ಣಗೆ 'ಕಿರ್' ಅಂತು. ಬೀಳುತ್ತದೆ ಅಂದುಕೊಂಡೆ. ಅದು ಬೀಳಲಿಲ್ಲ, ಕೂತಿತು. ಕೊಯ್ದ ಸೀಳು ಮುಚ್ಚಿಕೊಂಡಿತು. ಬಾರ್ ಒಳಗೆ ಸಿಕ್ಕಿಕೊಂಡು ಇಂಜಿನ್ ನಿಂತೇ ಹೋಯಿತು.

ಎಳೆದೆ, ಅಲ್ಲಾಡಿಸಿದೆ. ಬೇಲಿಯ ಕಡೆಯಿಂದ ಆರು ಸಲಹೆ ಬಂದವು, ಒಂದಕ್ಕೊಂದು ವಿರುದ್ಧ. ಕೊನೆಗೆ ಗರಗಸದಣ್ಣನಿಗೆ ಫೋನ್ ಮಾಡಿದೆ. ಅವರು ನೆಂಟರ ಮನೆಯ ಪೂಜೆಗೆ ಹೋಗಿದ್ದರು. ಎಲ್ಲ ಕೇಳಿ ಒಂದು ನಿಮಿಷ ಸುಮ್ಮನಿದ್ದರು. "ಎಷ್ಟು ಕೊಯ್ದಿದ್ದೀರಿ?" "ಅರ್ಧ." "ಬಿಟ್ಟು ದೂರ ಬನ್ನಿ. ನಾಳೆ ಬೆಳಿಗ್ಗೆ ಬರ್ತೇನೆ. ಅಲ್ಲಿವರೆಗೆ ಅದರ ಹತ್ತಿರ ನಾಯಿಯನ್ನೂ ಬಿಡಬೇಡಿ. ಬಚ್ಚಲಿಗೂ ಹೋಗಬೇಡಿ."

ಆ ರಾತ್ರಿ ನಾನು ಮಲಗಲಿಲ್ಲ. ದಾರಿಗೆ ಅಡ್ಡ ಹಗ್ಗ ಕಟ್ಟಿ, ಅದಕ್ಕೆ ಹೆಂಡತಿಯ ಕೆಂಪು ದುಪಟ್ಟಾ ತೂಗುಹಾಕಿದ್ದೆ. ಹತ್ತು ಗಂಟೆಗೆ ಗಾಳಿ ಎದ್ದಿತು. ಮೇ ತಿಂಗಳ ಕೊನೆಯ ಗಾಳಿ ಗೊತ್ತಲ್ಲ, ಹೇಳದೆ ಕೇಳದೆ ಬರುತ್ತದೆ. ಪ್ರತಿ ಸಲ 'ಸುಂಯ್' ಅಂದಾಗಲೂ ಕಿಟಕಿಯಿಂದ ಟಾರ್ಚ್ ಬಿಟ್ಟೆ. ಬೆಳಕಿನಲ್ಲಿ ಕಾಣುತ್ತಿದ್ದದ್ದು ಕಿತ್ತಳೆ ಬಣ್ಣದ ನನ್ನ ಮೆಷಿನ್. ಮರದ ಸೊಂಟಕ್ಕೆ ಬಾಲ ಮೂಡಿದ ಹಾಗೆ ನೇತಾಡುತ್ತಿತ್ತು. ಅರ್ಧ ಸೀಳಿದ ಮರದ ಬೆಣೆ ಕಿತ್ತು ಬಾಲ ಸಿಕ್ಕಿಸಿಕೊಂಡ ಕೋತಿಯ ಕಥೆ ಮಗಳಿಗೆ ಹಿಂದಿನ ವಾರವಷ್ಟೇ ಹೇಳಿದ್ದೆ. "ಅಪ್ಪಾ, ಆ ಕೋತಿ ಹಾಗೆ ಅಲ್ವಾ?" ಅಂತ ಅವಳು ಮಧ್ಯಾಹ್ನವೇ ಕೇಳಿ ಮುಗಿಸಿದ್ದಳು.

ಬೆಳಿಗ್ಗೆ ಏಳಕ್ಕೆ ಗರಗಸದಣ್ಣ ಬಂದರು. ಬಂದವರು ಮೆಷಿನ್ ಮುಟ್ಟಲಿಲ್ಲ. ಎಲೆಯಡಿಕೆ ಹಾಕಿಕೊಂಡು ಮರದ ಸುತ್ತ ದೂರದಿಂದ ಎರಡು ಸುತ್ತು ಬಂದರು. ತಲೆ ಎತ್ತಿ ನೆತ್ತಿಯನ್ನೇ ನೋಡಿದರು, ಮುರಿದು ಸಿಕ್ಕಿಕೊಂಡ ಒಣಕೊಂಬೆ ಇದೆಯಾ ಅಂತ. "ಮರಕ್ಕಿಂತ ಮೊದಲು ಬೀಳೋದು ಅದು. ತಲೆ ಒಡೆಯೋದೂ ಅದೇ." ಕರೆಂಟ್ ಲೈನ್ ಎಷ್ಟು ದೂರ ಇದೆ ನೋಡಿದರು. ಆಮೇಲೆ ಸೊಂಟದ ಕತ್ತಿಯನ್ನು ತೆಗೆದು, ಹಿಡಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಕಣ್ಣೆದುರು ತೂಗಬಿಟ್ಟರು. ಕತ್ತಿ ಅಲ್ಲಾಡುವುದು ನಿಂತು ನೆಟ್ಟಗಾಯಿತು. ಒಂದು ಕಣ್ಣು ಮುಚ್ಚಿ, ಕತ್ತಿಯ ಪಕ್ಕಕ್ಕೆ ಮರವನ್ನು ಸರಿಯಾಗಿ ಇಟ್ಟು ನೋಡಿದರು. ನನ್ನನ್ನೂ ಕರೆದು ತೋರಿಸಿದರು. ಬುಡ ಕತ್ತಿಯ ಗೆರೆಯಲ್ಲೇ ಇತ್ತು. ನೆತ್ತಿ ಎರಡು ಗೇಣು ಬಚ್ಚಲಿನ ಕಡೆ ಹೋಗಿತ್ತು.

ಹತ್ತು ವರ್ಷ ಅದರ ಕೆಳಗೆ ಸ್ನಾನ ಮಾಡಿದ್ದೇನೆ. ನೆಟ್ಟಗಿದೆ ಅಂತಲೇ ನಂಬಿದ್ದೆ.

"ಅದಕ್ಕೆ ಆ ಕಡೆ ಹೋಗೋ ಆಸೆ. ನೀವು ಈ ಕಡೆ ಬಾ ಅಂತೀರಿ. ಬೆಣೆ ಇಲ್ಲ, ಹಗ್ಗ ಇಲ್ಲ. ಅದು ಕೂತದ್ದೇ ನಿಮ್ಮ ಪುಣ್ಯ ಮಾರಾಯ್ರೆ" ಅಂದರು. ಮೇಲೆ ಹತ್ತಿ ಹಗ್ಗ ಕಟ್ಟಬಹುದಲ್ಲ ಅಂತ ಬೇಲಿಯ ಕಡೆಯ ಗೋಣಿಚೀಲದವರು ಕೂಗಿದರು. "ಅರ್ಧ ಕೊಯ್ದ ಮರ ಹತ್ತಿದವನು ಇನ್ನೊಂದು ಮರ ಹತ್ತೋದಿಲ್ಲ" ಅಂತ ಹೇಳಿ, ತೆಳು ಹಗ್ಗಕ್ಕೆ ಕಲ್ಲು ಕಟ್ಟಿ ಎಸೆದು ಎತ್ತರದ ಕವಲಿನ ಮೇಲೆ ಹಾಯಿಸಿದರು. ಅದರ ಹಿಂದೆ ದಪ್ಪ ಹಗ್ಗ ಏರಿತು. ಅದನ್ನು ಕಣದಾಚೆ, ಮರದ ಉದ್ದಕ್ಕಿಂತ ಎಷ್ಟೋ ದೂರದ ಹಲಸಿನ ಮರಕ್ಕೆ ಕಟ್ಟಿದ ಕಪ್ಪಿಯೊಳಗೆ ತೂರಿಸಿ ಪಕ್ಕಕ್ಕೆ ತಿರುಗಿಸಿದರು. ಎಳೆಯುವವರು ಯಾರು? ಬೇಲಿಯ ಹತ್ತಿರ ಪುಕ್ಕಟೆ ನಾಟಕ ನೋಡುತ್ತಿದ್ದ ಆರೂ ಜನ. ಜೀವನದಲ್ಲಿ ಕೆಲವೊಮ್ಮೆ ನ್ಯಾಯ ಸಿಗುತ್ತದೆ.

ನನ್ನ ಮೆಷಿನ್‌ನ ಬಾರ್ ಹಿಡಿದಿಡುವ ಎರಡು ನಟ್ ಬಿಚ್ಚಿ, ಇಂಜಿನ್ ಮಾತ್ರ ಕಳಚಿ ನನ್ನ ಕೈಗೆ ಕೊಟ್ಟರು. ಬಾರ್ ಮತ್ತು ಚೈನ್ ಮರದ ಹೊಟ್ಟೆಯಲ್ಲೇ ಉಳಿದವು. ಹಗ್ಗ ಬಿಗಿ ಮಾಡಿಸಿ, ನಾನು ಕೊಯ್ದ ಸೀಳಿಗೆ ಎರಡು ಪ್ಲಾಸ್ಟಿಕ್ ಬೆಣೆ ಹೊಡೆದರು. ಆಮೇಲೆ ತಮ್ಮ ಮೆಷಿನ್ ತೆಗೆದರು. ನೆಲದ ಮೇಲಿಟ್ಟು, ಹಿಂದಿನ ಹಿಡಿಯನ್ನು ಬೂಟಿನಲ್ಲಿ ಒತ್ತಿ, ಒಂದೇ ಎಳೆತಕ್ಕೆ ಚಾಲೂ. ನಾನು ಅವರ ಕಾಲಿನ ಕಡೆ ನೋಡಿದ್ದು ಗೊತ್ತಾಗಿರಬೇಕು. ಇಂಜಿನ್ ನಿಧಾನ ಮಾಡಿ ಹೇಳಿದರು: ಆ ದಪ್ಪ ಪ್ಯಾಂಟಿನೊಳಗೆ ಉದ್ದುದ್ದ ನೂಲಿನ ಪದರಗಳಿವೆ. ಚೈನ್ ತಾಗಿದರೆ ನೂಲೆಲ್ಲ ಎಳೆದುಕೊಂಡು ಚಕ್ರಕ್ಕೆ ಸುತ್ತಿ ಮೆಷಿನ್ ನಿಲ್ಲುತ್ತದೆ. "ನಿಮ್ಮ ಜೀನ್ಸು ಅದಕ್ಕೆ ಹಪ್ಪಳ." ಬಾರ್‌ನ ಮೂತಿಯ ಮೇಲ್ಭಾಗ ಯಾವುದಕ್ಕೂ ತಾಗಬಾರದು, ತಾಗಿದರೆ ಮೆಷಿನ್ ನೆಗೆದು ಮುಖಕ್ಕೇ ಬರುತ್ತದೆ ಅಂತಲೂ ಹೇಳಿದರು. ಹೇಳುವಾಗ ಗಲ್ಲದ ಮೇಲಿನ ಹಳೆಯ ಗಾಯದ ಗೆರೆಯನ್ನು ಸುಮ್ಮನೆ ಒಮ್ಮೆ ಸವರಿಕೊಂಡರು. ನಾನು ಮತ್ತೆ ಏನೂ ಕೇಳಲಿಲ್ಲ.

ಕಣದ ಕಡೆ ನನ್ನ ನಾಮವನ್ನು ಅಗಲಿಸಿ, ಕಲ್ಲಂಗಡಿ ಹೋಳು ತೆಗೆದ ಹಾಗೆ ಒಂದು ಬಾಯಿ ತೆಗೆದರು. ಆಳ ಐದು ಇಂಚು, ಅಂದರೆ ಮರದ ದಪ್ಪದ ಕಾಲುಭಾಗ. ಆ ಬಾಯಿಗೂ ಹಿಂದಿನ ಕೊಯ್ತಕ್ಕೂ ನಡುವೆ ಎರಡು ಇಂಚಿನಷ್ಟು ಕೊಯ್ಯದೆ ಉಳಿಸಬೇಕಂತೆ. ಬಾಗಿಲನ್ನು ಹಿಂಜಸ್ ಹಿಡಿದ ಹಾಗೆ ಬೀಳುವ ಮರವನ್ನು ಹಿಡಿದುಕೊಂಡು ದಾರಿ ತೋರಿಸುವುದು ಆ ಪಟ್ಟಿಯೇ. ಪೂರ್ತಿ ಕೊಯ್ದರೆ ಮರಕ್ಕೆ ಯಜಮಾನನೇ ಇಲ್ಲ.

ಕಣದ ನಡುವೆ ಒಂದು ಗೂಟ ಹೊಡೆದು ಬಂದರು. "ಅದರ ಮೇಲೆ ಬೀಳ್ತದೆ" ಅಂದರು. ಆಮೇಲೆ ಹಿಂದಕ್ಕೆ ಓರೆಯಾಗಿ, ಕೊಟ್ಟಿಗೆಯ ಕಡೆಗೆ, ಕಾಲಿಗೆ ಸಿಗುವ ಬಳ್ಳಿಯನ್ನೆಲ್ಲ ಕತ್ತಿಯಲ್ಲಿ ಸವರಿ ಒಂದು ದಾರಿ ಮಾಡಿದರು. "ಬೆಣೆ ಹೊಡೆಯಕ್ಕೆ ಒಬ್ಬರು ಬೇಕು. ನೀವೇ ಹೊಡೀರಿ. ಸರೀರಿ ಅಂದ ಕೂಡಲೇ ಈ ದಾರಿಯಲ್ಲಿ ಇಪ್ಪತ್ತು ಹೆಜ್ಜೆ. ಓಡಬೇಡಿ, ನಡೀರಿ. ಮರದ ಮೇಲೆ ಕಣ್ಣಿರಲಿ." ಆ ದಾರಿಯಲ್ಲಿ ನನ್ನನ್ನು ಎರಡು ಸಲ ನಡೆಸಿ ಅಭ್ಯಾಸ ಮಾಡಿಸಿದರು, ಸಪ್ತಪದಿಯಲ್ಲೂ ನಾನು ಇಷ್ಟು ಗಮನ ಕೊಟ್ಟಿರಲಿಲ್ಲ.

ಅವರು ಕೊಯ್ದರು. ನಾನು ಬೆಣೆಗೆ ಕೊಡತಿಯಲ್ಲಿ ಹೊಡೆದೆ. ಒಂದೊಂದು ಏಟಿಗೂ ಸೀಳು ಕೂದಲೆಳೆಯಷ್ಟು ತೆರೆಯಿತು. ನನ್ನ ಬಾರ್ ಸಡಿಲವಾಗಿ 'ಠಣ್' ಅಂತ ಕೆಳಗೆ ಬಿತ್ತು. ಆರು ಜನ "ಐಸಾ" ಅಂದರು. ಮೇಲೆ ನೆತ್ತಿ ಒಂದಿಷ್ಟು ಅಲ್ಲಾಡಿತು.

"ಸರೀರಿ."

ಮರ ನೆಲಕ್ಕೆ ಅಪ್ಪಳಿಸಿದ್ದು ನನ್ನ ಕಾಲಿಗೆ ಗೊತ್ತಾಯಿತು. ಧೂಳು ಕೂತ ಮೇಲೆ ಮೆಲ್ಲಗೆ ವಾಪಸ್ ನಡೆದು ಬಂದೆ. ಎಲ್ಲರೂ ಕಣದಲ್ಲಿ ಸೇರಿದ್ದರು. ಗೂಟ ಕಾಣುತ್ತಿರಲಿಲ್ಲ, ಅದರ ಮೇಲೆ ಮರವಿತ್ತು. ಬಚ್ಚಲಿನ ಒಂದು ಹಂಚೂ ಅಲುಗಾಡಿರಲಿಲ್ಲ.

"ಹೇಗೆ ಬಿತ್ತು ನೋಡಿದ್ರಾ?" ಅಂತ ಗರಗಸದಣ್ಣ ಕೇಳಿದರು.

"ನೋಡಿದೆ, ನೋಡಿದೆ. ಎಷ್ಟು ಚೆನ್ನಾಗಿ ಬಿತ್ತು" ಅಂದೆ.

ಅವರು ಹತ್ತಿರ ಬಂದು ನನ್ನ ಹೆಲ್ಮೆಟ್‌ಗೆ ಅಂಟಿದ್ದ ಒಣಹುಲ್ಲನ್ನು ತೆಗೆದರು. ಹೆಗಲ ಮೇಲಿಂದ ಇನ್ನೊಂದಿಷ್ಟು ತೆಗೆದರು. ಕೊಟ್ಟಿಗೆಯ ಕಡೆ ನೋಡಿದರು. ಗೌರಿ ಹುಲ್ಲು ತಿನ್ನುವುದನ್ನು ಬಿಟ್ಟು ನನ್ನನ್ನೇ ನೋಡುತ್ತ ನಿಂತಿದ್ದಳು.