ಪಾಸ್‌ಪೋರ್ಟಿನ ಮೇಲಿನ ದಿನಾಂಕವನ್ನು ನಂಬಿದ್ದು ಅವರ ತಪ್ಪೇ?

ಬೆಳಿಗ್ಗೆ ವಿಮಾನ ನಿಲ್ದಾಣದಲ್ಲಿ ಕಂಡದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಬರೆಯದೆ ಸಮಾಧಾನವಿಲ್ಲ.

ಚೆಕ್‌ಇನ್ ಸಾಲಿನಲ್ಲಿ ನನ್ನ ಮುಂದೆ ವಯಸ್ಸಾದ ದಂಪತಿ, ಮಗಳ ಹೆರಿಗೆಗೆಂದು ಹೊರಟವರು. ಆ ದೇಶಕ್ಕೆ ಮುಂಗಡ ವೀಸಾ ಬೇಡ, ಇಳಿದ ಮೇಲೆ ಕೊಡುತ್ತಾರೆ. ಕೌಂಟರಿನ ಹುಡುಗಿ ತಾಯಿಯ ಪಾಸ್‌ಪೋರ್ಟನ್ನು ಯಂತ್ರಕ್ಕೆ ಹಿಡಿದಳು, ಪರದೆ ನೋಡಿದಳು, ಮತ್ತೊಮ್ಮೆ ಹಿಡಿದಳು. "ಅಮ್ಮಾ, ಇದರಲ್ಲಿ ಇನ್ನು ನಾಲ್ಕೇ ತಿಂಗಳಿದೆ. ಅಲ್ಲಿಗೆ ಆರು ತಿಂಗಳಾದರೂ ಇರಬೇಕು. ಕಳುಹಿಸಲು ಆಗುವುದಿಲ್ಲ." ತಾಯಿ ಪುಟ ತೆರೆದು, ಮುಕ್ತಾಯದ ದಿನಾಂಕದ ಮೇಲೆ ಬೆರಳಿಟ್ಟು, "ಮುಗಿದಿಲ್ಲವಲ್ಲಮ್ಮ, ಇಲ್ಲಿ ನೋಡು" ಎಂದರು. ಆ ಬೆರಳು ಅಲ್ಲಿಂದ ಏಳಲೇ ಇಲ್ಲ.

ಹುಡುಗಿಯ ತಪ್ಪಿಲ್ಲ. ಅರ್ಹತೆ ಇಲ್ಲದ ಪ್ರಯಾಣಿಕರನ್ನು ಕರೆದೊಯ್ದರೆ ವಿಮಾನ ಸಂಸ್ಥೆಯೇ ಅವರನ್ನು ವಾಪಸು ತರಬೇಕು, ಹಲವು ದೇಶಗಳಿಗೆ ದಂಡವನ್ನೂ ಕಟ್ಟಬೇಕು. ನನ್ನ ಸಿಟ್ಟು ಬೇರೆಯದು. ಮುಗಿಯುವ ದಿನ ಇದು ಎಂದು ಸರ್ಕಾರ ಮುದ್ರೆ ಒತ್ತಿ ಕೊಟ್ಟ ಮೇಲೆ, ಅದಕ್ಕೂ ಆರು ತಿಂಗಳು ಮೊದಲೇ ಆ ಪುಸ್ತಕ ಎಷ್ಟೋ ದೇಶಗಳ ಬಾಗಿಲಲ್ಲಿ ನಿಷ್ಪ್ರಯೋಜಕ ಎಂಬುದನ್ನು ಅದೇ ಪುಟದಲ್ಲಿ ಏಕೆ ಹೇಳುವುದಿಲ್ಲ?

ಎಲ್ಲೆಡೆ ಒಂದೇ ಲೆಕ್ಕವೂ ಇಲ್ಲ. ತಮ್ಮೊಳಗೆ ಗಡಿ ತಪಾಸಣೆ ಇಲ್ಲದೆ ಓಡಾಡಲು ಒಪ್ಪಂದ ಮಾಡಿಕೊಂಡ ಯುರೋಪಿನ ಷೆಂಗೆನ್ ದೇಶಗಳಿಗೆ, ಅಲ್ಲಿಂದ ಹೊರಡುವ ದಿನದ ನಂತರ ಮೂರು ತಿಂಗಳು ಉಳಿದಿರಬೇಕು, ಜೊತೆಗೆ ಪಾಸ್‌ಪೋರ್ಟ್ ಕಳೆದ 10 ವರ್ಷಗಳೊಳಗೆ ನೀಡಿದ್ದಾಗಿರಬೇಕು. ಬ್ರಿಟನ್ 2018ರವರೆಗೂ ಹಳೆಯ ಪಾಸ್‌ಪೋರ್ಟಿನಲ್ಲಿ ಉಳಿದ ತಿಂಗಳುಗಳನ್ನು, ಒಂಬತ್ತರವರೆಗೆ, ಹೊಸದಕ್ಕೆ ಸೇರಿಸಿ ಕೊಡುತ್ತಿತ್ತು. ಐರೋಪ್ಯ ಒಕ್ಕೂಟದಿಂದ ಆ ದೇಶ ಹೊರಬಂದ ಮೇಲೆ ಷೆಂಗೆನ್‌ನ ಹತ್ತು ವರ್ಷದ ನಿಯಮ ಬ್ರಿಟಿಷರಿಗೂ ಅನ್ವಯಿಸಿತು; ಹಾಗೆ ಸಿಕ್ಕ ತಿಂಗಳುಗಳನ್ನು ನಂಬಿ ಹೊರಟವರೂ ಕೌಂಟರಿನಿಂದಲೇ ಹಿಂದಿರುಗಿದರು. ಅವರೂ ನಂಬಿದ್ದು ಮುದ್ರಿತ ದಿನಾಂಕವನ್ನೇ.

ನಿಯಮಕ್ಕೆ ಕಾರಣವಿದೆ, ಒಪ್ಪುತ್ತೇನೆ. ಪರದೇಶದಲ್ಲಿ ಕಾಯಿಲೆ ಬಿದ್ದು ಪ್ರವಾಸ ಲಂಬಿಸಿದರೆ ಅಷ್ಟರಲ್ಲಿ ಪಾಸ್‌ಪೋರ್ಟ್ ಮುಗಿದುಹೋಗಬಾರದು. ಆದರೆ ಅದರ ಬೆನ್ನಿಗೇ "ತಿಳಿದುಕೊಳ್ಳುವುದು ಪ್ರಯಾಣಿಕರ ಹೊಣೆ" ಎನ್ನುತ್ತಾರಲ್ಲ, ಅದನ್ನು ಒಪ್ಪಲಾರೆ. ಟಿಕೆಟ್ ಕೊಳ್ಳುವಾಗ ಎಷ್ಟೋ ಕಡೆ ಪಾಸ್‌ಪೋರ್ಟ್ ಸಂಖ್ಯೆಯನ್ನೂ ಮುಕ್ತಾಯದ ದಿನಾಂಕವನ್ನೂ ಕೇಳುತ್ತಾರೆ. ಎಲ್ಲಿಗೆ, ಯಾವ ದಿನ ಹೋಗುತ್ತೇವೆಂಬುದೂ ಅಲ್ಲೇ ಇರುತ್ತದೆ. ದೇಶ ದೇಶಗಳ ನಿಯಮಗಳನ್ನು ಕೂಡಿಟ್ಟ ಟೈಮ್ಯಾಟಿಕ್ ಎಂಬ ದತ್ತಾಂಶ ವಿಮಾನ ಸಂಸ್ಥೆಗಳ ಕೈಯಲ್ಲಿದೆ. ಕೌಂಟರಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಲೆಕ್ಕ ಹಾಕುವ ಯಂತ್ರ, ಹಣ ಕಟ್ಟಿಸಿಕೊಳ್ಳುವಾಗ ಏಕೆ ಬಾಯಿ ಬಿಡುವುದಿಲ್ಲ? ಗೊತ್ತಿದ್ದೂ ಹೇಳದಿರುವುದು ನನ್ನ ದೃಷ್ಟಿಯಲ್ಲಿ ಮೋಸವೇ.

ಇದುವರೆಗೆ ಯಾರಿಗೂ ಹೇಳದ ಒಂದು ಮಾತಿದೆ. ಹಲವು ವರ್ಷಗಳ ಹಿಂದೆ ಅಕ್ಕನ ಮಗನ ಮದುವೆಗೆ ನಾನು ಬರಲಿಲ್ಲ, ವಿಮಾನ ರದ್ದಾಯಿತು ಎಂದಿದ್ದೆನಲ್ಲ. ವಿಮಾನ ಸರಿಯಾದ ಹೊತ್ತಿಗೇ ಹಾರಿತ್ತು. ನನ್ನ ಪಾಸ್‌ಪೋರ್ಟಿಗೆ ಆರು ತಿಂಗಳಾಗಲು ಒಂಬತ್ತು ದಿನ ಕಡಿಮೆ ಇತ್ತು. ಓದುಬರಹ ಬಲ್ಲ ನಾನೇ ಇಷ್ಟೂ ನೋಡಿಕೊಳ್ಳಲಿಲ್ಲವೆಂದು ನಾಚಿ ಸುಳ್ಳು ಹೇಳಿದೆ. ಅಕ್ಕಾ, ಕ್ಷಮಿಸು. ಇಂದು ಆ ತಾಯಿಯ ಮುಖ ನೋಡಿದ ಮೇಲೆ, ಆ ನಾಚಿಕೆ ನನ್ನದಾಗಬೇಕಿರಲಿಲ್ಲ ಎನಿಸಿತು.

ತಂದೆಯ ಪಾಸ್‌ಪೋರ್ಟಿಗೆ ಇನ್ನೂ ಏಳು ವರ್ಷ ಬಾಕಿ ಇತ್ತು. "ನೀವಾದರೂ ಹೋಗಿ, ಅವಳೊಬ್ಬಳೇ ಇದ್ದಾಳೆ" ಎಂದು ತಾಯಿ ಒತ್ತಾಯಿಸಿದರು. ಅವರು ಮಾತನಾಡಲಿಲ್ಲ. ತೂಕದ ಯಂತ್ರದ ಮೇಲಿದ್ದ ಎರಡೂ ಪೆಟ್ಟಿಗೆಗಳನ್ನು ಒಂದೊಂದಾಗಿ ಇಳಿಸಿ ಗಾಡಿಗೆ ಹಾಕಿದರು. ಹಸುಗೂಸಿಗೆಂದು ಹೆಣೆದ ಹಳದಿ ಟೋಪಿಯೊಂದು ತಾಯಿಯ ಕೈಚೀಲದಿಂದ ಇಣುಕುತ್ತಿತ್ತು. ಅದನ್ನು ಒಳಗೆ ತುರುಕಿ, ಜಿಪ್ ಎಳೆದುಕೊಂಡು, ಅವರು ಗಾಡಿಯ ಹಿಂದೆ ನಡೆದರು.